ಇಲಿ ಹಲ್ಲಿನಿಂದ ಹಳೆಯ ಹವಾಮಾನ: ಯಾವ ವಿಧಾನ ಯಾವಾಗ?

ಗುಹೆಯ ಮಣ್ಣನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ತೊಳೆದಾಗ ತಳದಲ್ಲಿ ಉಳಿಯುವ ಚೂರುಪಾರಿನಲ್ಲಿ ಇಲಿ, ಮೂಗಿಲಿ, ಅಳಿಲು, ಬಾವಲಿಗಳ ಹಲ್ಲುಗಳು ಸಿಗುತ್ತವೆ. ಆನೆಯ ದವಡೆ ಸಿಕ್ಕಾಗಿನ ಸಂಭ್ರಮ ಇದಕ್ಕಿಲ್ಲ, ಪತ್ರಿಕೆಯಲ್ಲಿ ಫೋಟೋ ಕೂಡ ಬರುವುದಿಲ್ಲ. ಆದರೆ ಆ ಪದರ ಕೂತ ಕಾಲದಲ್ಲಿ ಅಲ್ಲಿನ ಹವೆ ಹೇಗಿತ್ತು ಎಂದು ಕೇಳುವವರಿಗೆ ಆನೆಗಿಂತ ಇಲಿಯೇ ಒಳ್ಳೆಯ ಸಾಕ್ಷಿ. ಆನೆ ಊರೂರು ಅಲೆಯುತ್ತದೆ, ಬಗೆಬಗೆಯ ನೆಲದಲ್ಲಿ ಬದುಕಬಲ್ಲದು. ಇಲಿಯಾದರೋ ಹುಟ್ಟಿದ ಬಿಲದ ಆಸುಪಾಸಿನಲ್ಲೇ ಒಂದೆರಡು ವರ್ಷ ಬಾಳಿ ಮುಗಿಸುತ್ತದೆ. ಅದರ ಹಲ್ಲು ಆ ಜಾಗದ್ದು, ಆ ಕೆಲವು ತಿಂಗಳುಗಳದ್ದು. ಜೊತೆಗೆ ಒಂದೇ ಪದರದಲ್ಲಿ ನೂರಾರು ಸಿಗುವುದರಿಂದ ಎಣಿಕೆಗೆ ಅರ್ಥವಿರುತ್ತದೆ.

ಹಲ್ಲು ಸಿಕ್ಕಿತು, ಜಾತಿ ಗುರುತಾಯಿತು. ಮುಂದೆ? ಇಲ್ಲಿಂದ ಹವಾಮಾನದವರೆಗೆ ಹೋಗಲು ಮುಖ್ಯವಾಗಿ ಐದು ದಾರಿಗಳಿವೆ: ಆವಾಸಗಳಿಗೆ ಅಂಕ ಹಂಚುವುದು, ಇಂದಿನ ಹರವಿನ ನಕ್ಷೆಗಳನ್ನು ಒಂದರ ಮೇಲೊಂದು ಇಡುವುದು, ಜೈವಿಕ ಹವಾಮಾನ ಮಾದರಿ, ಹಲ್ಲಿನ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು), ಮತ್ತು ದೇಹದ ಗಾತ್ರ. ಇವು ಒಂದೇ ಪ್ರಶ್ನೆಗೆ ಐದು ಉತ್ತರಗಳಲ್ಲ, ಐದು ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಆರಿಸುವಾಗ ನೋಡಬೇಕಾದದ್ದು ಮೂರು: ನಿಮ್ಮ ಪಟ್ಟಿಯ ಜಾತಿಗಳು ಇಂದಿಗೂ ಬದುಕಿವೆಯೇ, ಅವು ಎಷ್ಟಿವೆ, ಆ ಎಲುಬುಗಳನ್ನು ಅಲ್ಲಿಗೆ ತಂದವರು ಯಾರು. ಫಲಿತಾಂಶದಲ್ಲಿ ಎಷ್ಟು ದಶಾಂಶ ಸ್ಥಾನ ಬರುತ್ತದೆ ಎಂಬುದಕ್ಕೆ ಈ ಆಯ್ಕೆಯಲ್ಲಿ ಜಾಗವಿಲ್ಲ. ಅನೇಕರು ಅದನ್ನೇ ನೋಡಿ ವಿಧಾನ ಆರಿಸುತ್ತಾರೆ ಎಂಬುದು ನನ್ನ ತಕರಾರು.

ಮೊದಲು ಗೂಬೆಯ ಲೆಕ್ಕ

ಗುಹೆಯಲ್ಲಿ ಸಿಗುವ ಇಲಿ ಎಲುಬುಗಳಲ್ಲಿ ಬಹುಪಾಲು ಗೂಬೆ ಕಕ್ಕಿದ ಉಂಡೆಗಳಿಂದ ಬಂದವು. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಅರಗದ ರೋಮ ಮತ್ತು ಮೂಳೆಗಳನ್ನು ಉಂಡೆ ಮಾಡಿ ಕೂತಲ್ಲೇ ಉಗುಳುತ್ತದೆ. ಉಂಡೆ ಒಡೆದು ಎಲುಬು ಮಣ್ಣಿಗೆ ಸೇರುತ್ತದೆ. ಹಾಗಾಗಿ ನಿಮ್ಮ ಕೈಲಿರುವುದು ಆ ಕಾಲದ ಇಲಿಗಳ ಜನಗಣತಿಯಲ್ಲ, ಒಂದು ಹಕ್ಕಿಯ ಊಟದ ಪಟ್ಟಿ. ಬಲೆಯ ಕಣ್ಣಿನ ಅಳತೆ ತಿಳಿಯದೆ ಬುಟ್ಟಿಯ ಮೀನು ನೋಡಿ ಕೆರೆಯ ಬಗ್ಗೆ ಹೇಳಲು ಹೊರಟಂತೆ ಆದೀತು.

ಬ್ರಿಟನ್ನಿನ ಪೀಟರ್ ಆಂಡ್ರ್ಯೂಸ್ 1990ರಲ್ಲಿ ಈ ಬಲೆಯ ಅಳತೆ ಕಂಡುಹಿಡಿಯುವ ಕ್ರಮವನ್ನು ಒಪ್ಪ ಮಾಡಿಕೊಟ್ಟರು. ಹೊಟ್ಟೆಯ ಆಮ್ಲ ಹಲ್ಲಿನ ಎನಾಮಲ್ಲನ್ನು ಎಷ್ಟು ಕೊರೆದಿದೆ, ಎಷ್ಟು ಶೇಕಡಾ ಹಲ್ಲುಗಳಲ್ಲಿ ಕೊರೆದಿದೆ ಎಂಬುದರಿಂದ ಬೇಟೆಗಾರರನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಕಣಜ ಗೂಬೆ ಮೊದಲನೆಯ ವರ್ಗ, ಅದರ ಹೊಟ್ಟೆಯಿಂದ ಬಂದ ಹಲ್ಲು ಹೆಚ್ಚುಕಡಿಮೆ ಹೊಸದರಂತಿರುತ್ತದೆ. ದೊಡ್ಡ ಕೊಂಬಿನ ಗೂಬೆಗಳು ಮಧ್ಯದಲ್ಲಿ. ಹಗಲು ಬೇಟೆಯ ಹಕ್ಕಿಗಳದ್ದು ಇನ್ನೂ ಹೆಚ್ಚು ಹಾನಿ. ನರಿಯಂಥ ಮಾಂಸಾಹಾರಿ ಪ್ರಾಣಿಗಳು ಕೊನೆಯ ವರ್ಗ, ಅಲ್ಲಿ ಹಲ್ಲು ಗುರುತು ಸಿಗದಷ್ಟು ಸವೆದಿರುತ್ತದೆ.

ಕಣಜ ಗೂಬೆಯ ಉಂಡೆ ಸಿಕ್ಕರೆ ಅದೃಷ್ಟವೆಂದುಕೊಳ್ಳಿ. ಅದು ಸುತ್ತಲಿನ ಬಯಲಲ್ಲಿ ಯಾವ ಚಿಕ್ಕ ಪ್ರಾಣಿ ಹೆಚ್ಚಾಗಿದೆಯೋ ಅದನ್ನೇ ಹಿಡಿಯುತ್ತದೆ. ದೊಡ್ಡ ಗೂಬೆ ತನಗೆ ಬೇಕಾದ ಗಾತ್ರದ್ದನ್ನು ಹುಡುಕಿ ಹಿಡಿಯುತ್ತದೆ. ಒಂದು ಪದರದಲ್ಲಿ ಕಣಜ ಗೂಬೆ, ಅದರ ಮೇಲಿನ ಪದರದಲ್ಲಿ ದೊಡ್ಡ ಗೂಬೆ ಇದ್ದರೆ, ಹವಾಮಾನ ಒಂದಿಂಚೂ ಬದಲಾಗದೆ ಇಲಿಗಳ ಅನುಪಾತ ತಲೆಕೆಳಗಾಗಬಹುದು.

ತಾಂಜಾನಿಯಾದ ಓಲ್ಡುವಾಯ್ ಕಣಿವೆಯ ಒಂದನೇ ಸ್ತರದಲ್ಲಿ ನಡೆದದ್ದು ಇಂಥದ್ದೇ. ಸುಮಾರು 18 ಲಕ್ಷ ವರ್ಷ ಹಳೆಯ ಆ ಪದರಗಳಲ್ಲಿ ಮೇಲೆ ಹೋದಂತೆ ಒಣನೆಲದ ಇಲಿಗಳಾದ ಜರ್ಬಿಲ್‌ಗಳು ಹೆಚ್ಚಾಗುತ್ತವೆ, ಆದ್ದರಿಂದ ಪ್ರದೇಶ ಒಣಗುತ್ತ ಹೋಯಿತು ಎಂದು ಫ್ರಾನ್ಸಿನ ಜಾನ್-ಜಾಕ್ ಜೇಜರ್ 1970ರ ದಶಕದಲ್ಲಿ ಹೇಳಿದ್ದರು. 1998ರಲ್ಲಿ ಯೊಲಾಂಡಾ ಫೆರ್ನಾಂಡೆಸ್-ಹಾಲ್ವೊ ಮತ್ತು ಸಂಗಡಿಗರು ಅದೇ ಎಲುಬುಗಳ ಮೇಲಿನ ಆಮ್ಲದ ಗುರುತುಗಳನ್ನು ನೋಡಿದಾಗ ಬೇರೆ ಬೇರೆ ಪದರಗಳಲ್ಲಿ ಬೇರೆ ಬೇರೆ ಬೇಟೆಗಾರರು ಕೆಲಸ ಮಾಡಿದ್ದು ಕಂಡಿತು. ಒಣಗಿದ್ದು ಸುಳ್ಳಲ್ಲ, ಆದರೆ ಎಷ್ಟು ಒಣಗಿತು ಎಂಬುದನ್ನು ಬೇಟೆಗಾರರ ಪಾಲು ಕಳೆದು ಮತ್ತೆ ಲೆಕ್ಕ ಹಾಕಬೇಕಾಯಿತು. ಈ ಹಂತವನ್ನು ಬಿಟ್ಟು ಮುಂದೆ ಹೋದ ಯಾವ ವಿಧಾನದ ಫಲಿತಾಂಶವನ್ನೂ ನಾನು ನಂಬುವುದಿಲ್ಲ. ಸೂಕ್ಷ್ಮದರ್ಶಕ ಒಂದಿದ್ದರೆ ಸಾಕು, ಬೇರೆ ಖರ್ಚಿಲ್ಲ.

ಇನ್ನೊಂದು ತೊಡಕು ಬಿಲ. ಹೆಗ್ಗಣ, ಜರ್ಬಿಲ್‌ಗಳು ನೆಲ ಕೊರೆಯುವ ಜೀವಿಗಳು. ಇಂದಿನ ಇಲಿ ಹತ್ತು ಸಾವಿರ ವರ್ಷದ ಪದರಕ್ಕೆ ಇಳಿದು ಅಲ್ಲೇ ಸಾಯಬಹುದು. ಎಲುಬಿನ ಬಣ್ಣ, ಖನಿಜದ ಕಲೆ, ತೂಕ ಉಳಿದವುಗಳಂತಿಲ್ಲದಿದ್ದರೆ ಪಕ್ಕಕ್ಕಿಡಿ.

ಆವಾಸಕ್ಕೆ ಅಂಕ ಹಂಚುವ ವಿಧಾನ

ಅತ್ಯಂತ ಸರಳವಾದದ್ದು ಇದು. ಪ್ರತಿ ಜಾತಿಗೂ ಒಟ್ಟು 1 ಅಂಕ. ಅದನ್ನು ಆ ಜಾತಿ ಇಂದು ವಾಸಿಸುವ ನೆಲೆಗಳಿಗೆ ಹಂಚಬೇಕು. ಸ್ಪೇನಿನ ತಜ್ಞರು ಬಳಸುವ ಹಂಚಿಕೆಯಲ್ಲಿ ಐದು ನೆಲೆಗಳಿವೆ: ಒಣ ಬಯಲು, ತೇವದ ಬಯಲು, ಕಾಡು ಮತ್ತು ಕಾಡಂಚು, ಬಂಡೆ ಪ್ರದೇಶ, ನೀರಿನ ದಡ. ಕಾಡಿನಿಲಿಯೊಂದಕ್ಕೆ ಕಾಡಿಗೆ 1 ಅಂಕ, ಹಿಮವೋಲ್‌ಗೆ (ವೋಲ್ ಎಂದರೆ ಗಿಡ್ಡ ಬಾಲದ, ಇಲಿಯಂಥ ಜೀವಿ) ಬಂಡೆಗೆ 1, ಎರಡು ಕಡೆ ಇರುವುದಕ್ಕೆ 0.5 ಮತ್ತು 0.5. ಆಮೇಲೆ ಪ್ರತಿ ಜಾತಿಯ ಕನಿಷ್ಠ ಪ್ರಾಣಿಗಳ ಸಂಖ್ಯೆಯಿಂದ (ಸಿಕ್ಕ ಹಲ್ಲುಗಳಿಗೆ ಕಡಿಮೆಯೆಂದರೂ ಎಷ್ಟು ಪ್ರಾಣಿಗಳು ಬೇಕು ಎಂಬ ಲೆಕ್ಕ) ಗುಣಿಸಿ ಕೂಡಿದರೆ ಪದರದ ಭೂದೃಶ್ಯ ಸಿಗುತ್ತದೆ. ಮೂಲ ಕಲ್ಪನೆ 1981ರದು, ಎವನ್ಸ್, ವ್ಯಾನ್ ಕೂವರಿಂಗ್, ಆಂಡ್ರ್ಯೂಸ್ ಅವರದು.

ಇದು ಡಿಗ್ರಿ ಸೆಲ್ಸಿಯಸ್ ಕೊಡುವುದಿಲ್ಲ. ಕಾಡು ಹೆಚ್ಚಿತೇ, ಬಯಲು ಹೆಚ್ಚಿತೇ, ನೀರು ಹತ್ತಿರವಿತ್ತೇ ಎಂದಷ್ಟೇ ಹೇಳುತ್ತದೆ. ನನ್ನ ಕಣ್ಣಿಗೆ ಅದು ಕೊರತೆಯಲ್ಲ. ಇಲಿ ಬಿಸಿರಕ್ತದ ಪ್ರಾಣಿ, ಉಷ್ಣಾಂಶ ಒಂದೆರಡು ಡಿಗ್ರಿ ಏರಿದರೆ ಅದಕ್ಕೆ ನೇರವಾಗಿ ಏನೂ ಆಗುವುದಿಲ್ಲ. ಅದರ ಬದುಕನ್ನು ಆಳುವುದು ಹುಲ್ಲು, ಪೊದೆ, ಬೀಜ, ಮಣ್ಣಿನ ತೇವ. ಇಲಿ ನಿಜವಾಗಿ ಬಲ್ಲದ್ದನ್ನು ಮಾತ್ರ ಕೇಳುವ ವಿಧಾನ ಇದೊಂದೇ. ಕಪ್ಪೆ, ಹಲ್ಲಿಗಳ ಎಲುಬು ಅದೇ ಜರಡಿಯಲ್ಲಿ ಸಿಕ್ಕಿದ್ದರೆ ಉಷ್ಣಾಂಶದ ಪ್ರಶ್ನೆಯನ್ನು ಅವಕ್ಕೆ ಕೇಳುವುದು ಲೇಸು.

ಇದರ ದುರ್ಬಲ ಜಾಗ ಎಣಿಕೆ. ಪ್ರಾಣಿಗಳ ಸಂಖ್ಯೆಯೇ ಇಲ್ಲಿ ತೂಕವಾದ್ದರಿಂದ ಗೂಬೆಯ ಆಯ್ಕೆ ನೇರವಾಗಿ ಫಲಿತಾಂಶಕ್ಕೆ ಇಳಿಯುತ್ತದೆ. ವೋಲ್‌ಗಳ ಸಂತತಿ ಕೆಲವು ವರ್ಷಗಳಿಗೊಮ್ಮೆ ವಿಪರೀತ ಏರಿ ಬೀಳುವುದುಂಟು, ಆ ಏರಿಕೆಯೂ ಕಾಡು ಕರಗಿದಂತೆ ತೋರೀತು.

ನಕ್ಷೆಗಳನ್ನು ಒಂದರ ಮೇಲೊಂದು ಇಡುವುದು

ಎರಡನೆಯ ವಿಧಾನಕ್ಕೆ ಎಣಿಕೆ ಬೇಡ, ಜಾತಿಗಳ ಪಟ್ಟಿ ಸಾಕು. ಪ್ರತಿ ಜಾತಿಯ ಇಂದಿನ ಹರವಿನ ನಕ್ಷೆ ತೆಗೆದುಕೊಳ್ಳಿ. ಐಬೀರಿಯಾದಲ್ಲಿ (ಸ್ಪೇನ್, ಪೋರ್ಚುಗಲ್ ಇರುವ ಪರ್ಯಾಯದ್ವೀಪ) 10 ಕಿಲೋಮೀಟರ್ ಚೌಕಗಳ ಒಳ್ಳೆಯ ನಕ್ಷೆಗಳಿವೆ. ಎಲ್ಲ ನಕ್ಷೆಗಳೂ ಒಂದರ ಮೇಲೊಂದು ಕೂಡುವ ಚೌಕಗಳನ್ನು ಗುರುತಿಸಿ. ಅಲ್ಲಿನ ಇಂದಿನ ಸರಾಸರಿ ಉಷ್ಣಾಂಶ ಮತ್ತು ಮಳೆಯೇ ಆ ಹಳೆಯ ಪದರದ ಉಷ್ಣಾಂಶ ಮತ್ತು ಮಳೆ ಎಂಬುದು ವಾದ. ಪರಸ್ಪರ ಹರವಿನ ವಿಧಾನ ಎಂದು ಕರೆಯೋಣ.

ಅರ್ಥವಾಗಲು ಸುಲಭ, ನಕ್ಷೆಯನ್ನು ತೋರಿಸಿ ಯಾರಿಗೂ ಒಪ್ಪಿಸಬಹುದು. ಆದರೆ ಮೂರು ಕಡೆ ಕೈಕೊಡುತ್ತದೆ. ಮೊದಲನೆಯದು, ಅಳಿದ ಜಾತಿಗೆ ನಕ್ಷೆಯೇ ಇಲ್ಲ. ಎರಡನೆಯದು, ಇಂದಿನ ಹರವು ಹವಾಮಾನವೊಂದರಿಂದಲೇ ಆದದ್ದಲ್ಲ. ಐಬೀರಿಯಾದ ಕಬ್ರೇರಾ ವೋಲ್ ಇಂದು ತುಂಡುತುಂಡಾದ ನೆಲೆಗಳಲ್ಲಿ ಉಳಿದಿದೆ. ಉಳುಮೆ, ಮೇಯಿಸುವಿಕೆ, ಒಣಗಿಸಿದ ಜೌಗು ನೆಲ ಇವೆಲ್ಲ ಅದರ ಗಡಿಯನ್ನು ಒತ್ತಿವೆ. ಆ ಕುಗ್ಗಿದ ಗಡಿಯನ್ನು ಹವಾಮಾನದ ಗಡಿಯೆಂದು ಓದಿದರೆ ತಪ್ಪು ಉತ್ತರ ಬರುತ್ತದೆ. ಈ ದೋಷ ಸರಿಪಡಿಸಲು ಈಚೆಗೆ ಆಲ್ಕೊಯ್ ಪ್ರದೇಶದ ನಿಯಾಂಡರ್ತಾಲ್ ನೆಲೆಗಳ ಮೇಲೆ ಕೆಲಸ ಮಾಡುವ ಸ್ಪ್ಯಾನಿಷ್ ತಂಡ, ಪ್ರಾಣಿ ಈಗ ಇರುವ ಜಾಗವನ್ನೂ ಅದು ಇರಬಹುದಾಗಿದ್ದ ಜಾಗವನ್ನೂ ಬೇರ್ಪಡಿಸಿ ನೋಡುವ ತಿದ್ದುಪಡಿ ತಂದಿದೆ. ಹೊಸದಾಗಿ ಶುರು ಮಾಡುವವರು ಹಳೆಯ ರೂಪ ಬಿಟ್ಟು ಈ ತಿದ್ದಿದ ರೂಪವನ್ನೇ ಹಿಡಿಯಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಿಮಯುಗದ ಕೊನೆಯಲ್ಲಿ ಒಟ್ಟಿಗೆ ಬಾಳಿದ ಜಾತಿಗಳು ಇಂದು ಎಲ್ಲೂ ಒಟ್ಟಿಗಿಲ್ಲದಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂ ಪ್ಯಾರಿಸ್ ನಾಲ್ಕನೇ ಕುಳಿಯಿಂದ ಜಾನ್ ಗಿಲ್ಡೇ ಮತ್ತು ಸಂಗಡಿಗರು 1964ರಲ್ಲಿ ವರದಿ ಮಾಡಿದ ಎಲುಬುಗಳಲ್ಲಿ ಧ್ರುವದಂಚಿನ ಪಟ್ಟೆಕೊರಳಿನ ಲೆಮ್ಮಿಂಗ್, ಉತ್ತರದ ಕೋನಿಫರ್ ಕಾಡಿನ ವೋಲ್‌ಗಳು, ಹುಲ್ಲುಗಾವಲಿನ ಹದಿಮೂರು ಗೆರೆಯ ನೆಲ ಅಳಿಲು ಎಲ್ಲವೂ ಇವೆ. ಇಂದು ಇವುಗಳ ನಕ್ಷೆಗಳನ್ನು ಒಟ್ಟಿಗಿಟ್ಟರೆ ಎಲ್ಲವೂ ಕೂಡುವ ಜಾಗ ಕಾಣುವುದಿಲ್ಲ. 1996ರಲ್ಲಿ ರಸೆಲ್ ಗ್ರಹಾಂ ಮುಂದಾಳತ್ವದ ದೊಡ್ಡ ತಂಡ ಇಡೀ ಅಮೆರಿಕದ ದತ್ತಾಂಶ ನೋಡಿ ಹೇಳಿದ್ದೂ ಇದೇ: ಹವಾಮಾನ ಬದಲಾದಾಗ ಪ್ರಾಣಿಗಳು ಗುಂಪಾಗಿ ಗುಳೆ ಹೋಗುವುದಿಲ್ಲ, ಒಂದೊಂದು ಜಾತಿ ತನ್ನ ದಿಕ್ಕಿಗೆ ತನ್ನ ವೇಗದಲ್ಲಿ ಸರಿಯುತ್ತದೆ. ನಕ್ಷೆಗಳು ಕೂಡದಿದ್ದಾಗ ಒಂದೆರಡು ಜಾತಿಗಳನ್ನು ಮೆಲ್ಲಗೆ ಪಟ್ಟಿಯಿಂದ ಕೈಬಿಟ್ಟು ಕೂಡಿಸುವ ಆಸೆ ಬರುತ್ತದೆ. ಬೇಡ. ಕೂಡದಿರುವುದೇ ಅಲ್ಲಿನ ಸುದ್ದಿ.

ಜೈವಿಕ ಹವಾಮಾನ ಮಾದರಿ

ಸ್ಪೇನಿನ ಮಾನುವೆಲ್ ಎರ್ನಾಂಡೆಸ್ ಫೆರ್ನಾಂಡೆಸ್ 2001ರಲ್ಲಿ ಮುಂದಿಟ್ಟ ಮಾದರಿ ನಕ್ಷೆಯ ಚೌಕ ಬಿಟ್ಟು ಹವಾಮಾನ ವಲಯಗಳನ್ನು ಹಿಡಿಯುತ್ತದೆ. ಜರ್ಮನ್ ಸಸ್ಯಪರಿಸರ ತಜ್ಞ ಹೈನ್‌ರಿಷ್ ವಾಲ್ಟರ್ ಮಾಡಿದ ಲೋಕದ ವಿಭಾಗದಿಂದ ಹತ್ತು ವಲಯ: ಭೂಮಧ್ಯದ ಮಳೆಕಾಡಿನಿಂದ ಸವನ್ನಾ, ಮರುಭೂಮಿ, ಮೆಡಿಟರೇನಿಯನ್, ಎಲೆಯುದುರುವ ಕಾಡು, ಸ್ಟೆಪ್ಪಿ, ಟೈಗಾ ದಾಟಿ ಧ್ರುವದ ಟಂಡ್ರಾದವರೆಗೆ. ಒಂದು ಜಾತಿ ಒಂದೇ ವಲಯದಲ್ಲಿದ್ದರೆ ಅಲ್ಲಿಗೆ 1 ಅಂಕ, ನಾಲ್ಕು ವಲಯಗಳಲ್ಲಿದ್ದರೆ ತಲಾ 0.25. ಪದರದ ಎಲ್ಲ ಜಾತಿಗಳ ಅಂಕಗಳನ್ನು ವಲಯವಾರು ಕೂಡಿ, ಜಾತಿಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಎಂಟು ಜಾತಿಗಳಿಂದ ಮೆಡಿಟರೇನಿಯನ್ ವಲಯಕ್ಕೆ ಒಟ್ಟು 2.4 ಅಂಕ ಬಂದರೆ ಆ ಘಟಕ 30. ಹತ್ತು ಘಟಕಗಳನ್ನು ಇಂದಿನ ಪ್ರಾಣಿಸಮೂಹಗಳ ಮೇಲೆ ಕಟ್ಟಿದ ಸಮೀಕರಣಗಳಿಗೆ ಹಾಕಿದರೆ ವಲಯದ ಹೆಸರೂ, ವಾರ್ಷಿಕ ಉಷ್ಣಾಂಶ, ಮಳೆ ಮೊದಲಾದ ಅಂಕಿಗಳೂ ಬರುತ್ತವೆ.

ಹಿಂದಿನ ವಿಧಾನ ಸೋತಲ್ಲಿ ಇದು ಸ್ವಲ್ಪ ನಿಲ್ಲುತ್ತದೆ. ಜಾತಿಗಳು ಒಂದೇ ಚೌಕದಲ್ಲಿ ಕೂಡಬೇಕಾಗಿಲ್ಲ, ಎಲ್ಲ ಜಾತಿಗಳೂ ಮತ ಹಾಕುತ್ತವೆ. ವಲಯಗಳು ಒರಟಾಗಿರುವುದರಿಂದ ಅಳಿದ ಜಾತಿಯ ಜಾಗದಲ್ಲಿ ಅದರ ಬದುಕಿರುವ ಹತ್ತಿರದ ಬಂಧುವನ್ನು ಇಡಲು ಅವಕಾಶವಿದೆ. ಅಷ್ಟೇ ಒರಟುತನ ಇದರ ದೋಷವೂ ಹೌದು. ಒಂದೇ ವಲಯದೊಳಗಿನ ಏರಿಳಿತ ಇದರ ಕಣ್ಣಿಗೆ ಬೀಳುವುದಿಲ್ಲ. ಜಾತಿಗಳು ಐದಾರು ಮಾತ್ರ ಇದ್ದರೆ ಒಂದು ಜಾತಿ ಬಂದುಹೋದರೂ ಉತ್ತರ ಜಿಗಿಯುತ್ತದೆ. ಐದು ಜಾತಿಯ ಪದರಕ್ಕೆ 9.7 ಡಿಗ್ರಿ ಎಂದು ಬರೆದದ್ದನ್ನು ನೋಡಿದಾಗ ಆ .7 ನನಗೆ ನಗು ತರಿಸುತ್ತದೆ.

ಎರಡನ್ನೂ ಎದುರುಬದುರು ಇಟ್ಟು ನೋಡಲು ಅಟಾಪುಎರ್ಕಾದ ಗ್ರಾನ್ ದೊಲಿನಾಗಿಂತ ಒಳ್ಳೆಯ ಜಾಗವಿಲ್ಲ. ಉತ್ತರ ಸ್ಪೇನಿನ ಬುರ್ಗೋಸ್ ಬಳಿ ಹಳೆಯ ರೈಲುದಾರಿಗಾಗಿ ಕಡಿದ ಕಂದಕದಲ್ಲಿ ತೆರೆದುಕೊಂಡ ಈ ಗುಹೆಯಲ್ಲಿ ಕೆಳಗಿನಿಂದ ಮೇಲಕ್ಕೆ ಟಿಡಿ-1ರಿಂದ ಟಿಡಿ-11ರವರೆಗೆ ಪದರಗಳಿವೆ. 1994ರಲ್ಲಿ ಟಿಡಿ-6ರಲ್ಲಿ ಮಾನವನ ಎಲುಬುಗಳು ಸಿಕ್ಕವು, 1997ರಲ್ಲಿ ಹೋಮೋ ಆಂಟೆಸೆಸರ್ ಎಂದು ಹೆಸರಾಯಿತು. ಅದರ ಮೇಲಿನ ಟಿಡಿ-7ರಲ್ಲಿ ಭೂಮಿಯ ಕಾಂತಕ್ಷೇತ್ರ ತಲೆಕೆಳಗಾದ ಗುರುತಿದೆ, ಅಂದರೆ ಅದಕ್ಕಿಂತ ಕೆಳಗಿನದೆಲ್ಲ ಸುಮಾರು 7 ಲಕ್ಷ 80 ಸಾವಿರ ವರ್ಷಕ್ಕಿಂತ ಹಳೆಯದು. ಗ್ಲೋರಿಯಾ ಕುಎಂಕಾ-ಬೆಸ್ಕೋಸ್ ಮತ್ತವರ ತಂಡ ಇಲ್ಲಿನ ಮಣ್ಣು ತೊಳೆದು ಸಣ್ಣ ಸ್ತನಿಗಳ ದೊಡ್ಡ ಸಂಗ್ರಹ ಕಟ್ಟಿದೆ.

ಕೆಳಗಿನ ಪದರಗಳಲ್ಲಿ ಮಿಮೊಮಿಸ್ ಸಾವಿನಿಯಂಥ ಅಳಿದ ವೋಲ್‌ಗಳೇ ಜಾಸ್ತಿ. ಅಲ್ಲಿ ನಕ್ಷೆ ಇಡುವ ವಿಧಾನಕ್ಕೆ ಕೈಕಾಲೇ ಆಡುವುದಿಲ್ಲ. ಉಳಿಯುವ ಒಂದೆರಡು ಜೀವಂತ ಜಾತಿಗಳಿಂದ ಸಿಗುವ ಚೌಕಗಳು ಅರ್ಧ ದೇಶದಷ್ಟಾಗುತ್ತವೆ. ಜೈವಿಕ ಮಾದರಿಯಲ್ಲಿ ಮಿಮೊಮಿಸ್ ಜಾಗಕ್ಕೆ ಅದರ ವಂಶದ ಇಂದಿನ ನೀರುವೋಲ್ ಆರ್ವಿಕೋಲಾವನ್ನು ಇಡಬಹುದು. ಇಡಬಹುದು, ಆದರೆ ಆ ವಂಶ ನಡುವಿನ ಕಾಲದಲ್ಲಿ ಬೇರುಳ್ಳ ಹಲ್ಲಿನಿಂದ ಬೇರಿಲ್ಲದೆ ಬೆಳೆಯುತ್ತಲೇ ಇರುವ ಹಲ್ಲಿಗೆ ಬದಲಾಯಿತು. ಬ್ರಿಟನ್ನಿನಲ್ಲಿ ಪದರಗಳ ವಯಸ್ಸು ಹೇಳಲು ಇದನ್ನೇ ವೋಲ್ ಗಡಿಯಾರವೆಂದು ಬಳಸುತ್ತಾರೆ. ಹಲ್ಲು ಬದಲಾಗಿದ್ದರೆ ಊಟವೂ ಬದಲಾಗಿರಬಹುದು. ಬಂಧುವಿನ ಅಭ್ಯಾಸ ಅಜ್ಜನಿಗೂ ಇತ್ತು ಎನ್ನುವುದು ಊಹೆ. ಆದ್ದರಿಂದ ಹಳೆಯ ಪದರಗಳಿಗೆ ಜೈವಿಕ ಮಾದರಿ, ಅದೂ ವಲಯದ ಹೆಸರಿನ ಮಟ್ಟಕ್ಕೆ. ಕಳೆದ ಒಂದು ಲಕ್ಷ ವರ್ಷದ ಯೂರೋಪಿನ ಗುಹೆಗಳಿಗೆ, ಎಲ್ಲ ಜಾತಿಗಳೂ ಇಂದಿಗೂ ಇರುವಲ್ಲಿ, ತಿದ್ದಿದ ನಕ್ಷೆ ವಿಧಾನ ಮುಂದು. ಎರಡನ್ನೂ ಮಾಡಿ ಉತ್ತರಗಳು ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸಿದ ಬರಹಗಳು ನನಗೆ ಹೆಚ್ಚು ಇಷ್ಟ.

ಹಲ್ಲಿನ ಐಸೋಟೋಪ್

ಇಲ್ಲಿಯವರೆಗಿನ ಮೂರೂ ದಾರಿಗಳು ‘ಇಂದು ಎಲ್ಲಿದೆಯೋ ಅಂದೂ ಅಂಥಲ್ಲೇ ಇತ್ತು’ ಎಂಬ ನಂಬಿಕೆಯ ಮೇಲೆ ನಿಂತಿವೆ. ಐಸೋಟೋಪ್ ವಿಧಾನಕ್ಕೆ ಆ ನಂಬಿಕೆ ಬೇಡ. ಅಳಿದ ಜಾತಿಯಾದರೂ ಸರಿ, ಜಾತಿ ಗುರುತು ಪೂರ್ತಿ ಆಗದಿದ್ದರೂ ಸರಿ. ಪ್ರಾಣಿ ಕುಡಿದ ನೀರಿನ ಮತ್ತು ತಿಂದ ಗಿಡದ ನೀರಿನ ಆಮ್ಲಜನಕ ಹಲ್ಲಿನ ಫಾಸ್ಫೇಟ್‌ನಲ್ಲಿ ಸೇರಿಕೊಳ್ಳುತ್ತದೆ. ಆಮ್ಲಜನಕ-18 ಮತ್ತು ಆಮ್ಲಜನಕ-16ರ ಅನುಪಾತ ಅಳೆದರೆ ಆ ನೀರಿನ ಗುಣ ತಿಳಿಯುತ್ತದೆ. ಫಾಸ್ಫೇಟ್‌ನೊಳಗಿನ ಬಂಧ ಗಟ್ಟಿಯಾದ್ದರಿಂದ ಮಣ್ಣಿನೊಳಗಿನ ನೀರು ಅದನ್ನು ಸುಲಭವಾಗಿ ಕೆಡಿಸಲಾರದು.

ಖರ್ಚು, ಮತ್ತು ಹಲ್ಲು ಹೋಗುವುದು, ಎರಡನ್ನೂ ಮೊದಲೇ ಲೆಕ್ಕ ಹಾಕಿ. ಇಲಿಯ ಬಾಚಿಹಲ್ಲಿಗೆ ಎನಾಮಲ್ ಇರುವುದು ಮುಂಬದಿಯಲ್ಲಿ ಮಾತ್ರ, ತೆಳ್ಳಗೆ. ಹಳೆಯ ರಾಸಾಯನಿಕ ಕ್ರಮಕ್ಕೆ ಕೆಲವು ಮಿಲಿಗ್ರಾಂ ಪುಡಿ ಬೇಕು, ಅದಕ್ಕಾಗಿ ಹಲವು ಹಲ್ಲುಗಳನ್ನು ಒಟ್ಟಿಗೆ ಅರೆಯಬೇಕಾಗುತ್ತದೆ. ಒಳಗಿನ ದಂತದ್ರವ್ಯ ಹೂತಾಗ ಬೇಗ ಕೆಡುತ್ತದೆ, ಎನಾಮಲ್ ಜೊತೆ ಅದೂ ಬೆರೆತರೆ ಅಳತೆ ಹಾಳು. ಲೇಸರ್‌ನಿಂದ ಒಂದು ಚುಕ್ಕೆಯಷ್ಟೇ ತೆಗೆಯುವ ಕ್ರಮ ಬಂದಮೇಲೆ ಹಲ್ಲು ಉಳಿಯುತ್ತದೆ, ಆದರೆ ಆ ಯಂತ್ರ ಎಲ್ಲೆಡೆ ಇಲ್ಲ. ಇನ್ನೊಂದು: ಒಂದು ಹಲ್ಲು ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಅಂದರೆ ಅದು ಹೇಳುವುದು ವರ್ಷದ ಸರಾಸರಿಯಲ್ಲ, ಆ ಇಲಿ ಬೆಳೆದ ಋತು. ತಾಯಿಹಾಲು ಕುಡಿಯುವಾಗ ಬೆಳೆದ ಭಾಗವಾದರೆ ಅಳತೆ ಮತ್ತೆ ಬೇರೆ. ಒಂದು ಹಲ್ಲು ಅಳೆದು ಒಂದು ಸಾವಿರ ವರ್ಷದ ಹವಾಮಾನ ಹೇಳಲಾಗದು.

ಯೂರೋಪಿನ ಸೂತ್ರವನ್ನು ನಮ್ಮ ಕಡೆಗೆ ಹಾಗೆಯೇ ತರಲೂ ಆಗದು. ಉತ್ತರದ ತಂಪು ದೇಶಗಳಲ್ಲಿ ಮಳೆನೀರಿನ ಆಮ್ಲಜನಕ-18 ಉಷ್ಣಾಂಶದ ಜೊತೆ ಏರಿಳಿಯುತ್ತದೆ, ಹಾಗಾಗಿ ವೋಲ್ ಹಲ್ಲಿನಿಂದ ಡಿಗ್ರಿ ಲೆಕ್ಕ ಮಾಡುವುದಕ್ಕೆ ಆಧಾರವಿದೆ. ಮುಂಗಾರಿನ ನಾಡಿನಲ್ಲಿ ಮುಖ್ಯವಾಗುವುದು ಮಳೆಯ ಪ್ರಮಾಣ: ಜೋರು ಮಳೆಯಲ್ಲಿ ಆಮ್ಲಜನಕ-18 ಕಡಿಮೆ, ಬರಗಾಲದಲ್ಲಿ ಹೆಚ್ಚು. ಜೊತೆಗೆ ಒಣನೆಲದ ಇಲಿ ನೀರು ಕುಡಿಯುವುದೇ ಅಪರೂಪ, ಎಲೆ ಬೀಜಗಳ ತೇವದಿಂದಲೇ ಬದುಕುತ್ತದೆ. ಬಿಸಿಲಿಗೆ ಆವಿಯಾಗಿ ಉಳಿದ ಎಲೆಯ ನೀರಿನಲ್ಲಿ ಆಮ್ಲಜನಕ-18 ಇನ್ನೂ ಹೆಚ್ಚು. ಆದ್ದರಿಂದ ದಖ್ಖನ್ ಗುಹೆಯ ಜರ್ಬಿಲ್ ಹಲ್ಲಿನಿಂದ ಉಷ್ಣಾಂಶ ಕೇಳಬೇಡಿ, ಒಣತನ ಕೇಳಿ.

ಇಂಗಾಲದ ಐಸೋಟೋಪ್ ಹೇಳುವುದು ಊಟದ ಸುದ್ದಿ. ಭತ್ತ, ಗೋಧಿ, ಬಹುತೇಕ ಎಲ್ಲ ಮರಗಳು ಸಿ-3 ಬಗೆಯವು (ಗಿಡ ಗಾಳಿಯ ಇಂಗಾಲ ಹಿಡಿಯುವ ಕ್ರಮದ ಮೇಲೆ ಬಂದ ಹೆಸರು). ಜೋಳ, ರಾಗಿ, ಕಬ್ಬು, ಬಿಸಿ ನಾಡಿನ ಹುಲ್ಲುಗಳು ಸಿ-4 ಬಗೆಯವು. ಇಂಗಾಲ-13ರ ಅಳತೆ ಸಿ-3 ಗಿಡಗಳಲ್ಲಿ ಸುಮಾರು -27, ಸಿ-4ರಲ್ಲಿ ಸುಮಾರು -13 ಪರ್ ಮಿಲ್ (ಗೊತ್ತುಪಡಿಸಿದ ಮಾದರಿಗಿಂತ ಸಾವಿರಕ್ಕೆ ಅಷ್ಟು ಕಡಿಮೆ). ನಡುವೆ ಇಷ್ಟು ಅಂತರವಿರುವುದರಿಂದ ಹಲ್ಲಿನಲ್ಲಿ ಗುರುತು ಸ್ಪಷ್ಟ. ಈ ವಿಧಾನ ತನ್ನ ಬೆಲೆ ತೋರಿಸಿದ್ದು ಹಿಮಾಲಯದ ತಪ್ಪಲಿನ ಶಿವಾಲಿಕ್‌ನಲ್ಲಿ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯ ಪದರಗಳಲ್ಲಿ ಸುಮಾರು 1 ಕೋಟಿ 40 ಲಕ್ಷ ವರ್ಷ ಹಳೆಯ ಆಂಟೆಮಸ್‌ನಿಂದ ಮುಂದಕ್ಕೆ ಪ್ರೊಗೊನೊಮಿಸ್, ಕರ್ನಿಮಾಟಾ, ಕೊನೆಗೆ ಮಸ್ ಕುಲದವರೆಗೆ ಇಲಿಗಳ ಸಾಲೇ ಇದೆ. ಲೂಯಿಸ್ ಜೇಕಬ್ಸ್, ಲಾರೆನ್ಸ್ ಫ್ಲಿನ್ ಅದನ್ನು ದಶಕಗಳ ಕಾಲ ಬಿಡಿಸಿದರು. ಜೇ ಕ್ವೇಡ್, ತೂರ್ ಸರ್ಲಿಂಗ್ ಮತ್ತಿತರರು 1989ರಲ್ಲಿ ಅಲ್ಲಿನ ಹಳೆಯ ಮಣ್ಣಿನ ಸುಣ್ಣದ ಗಂಟುಗಳಿಂದ, ಸುಮಾರು 70 ಲಕ್ಷ ವರ್ಷಗಳ ಹಿಂದೆ ಕಾಡು ಸರಿದು ಸಿ-4 ಹುಲ್ಲು ಹರಡಿತೆಂದು ತೋರಿಸಿದ್ದರು. 2013ರಲ್ಲಿ ಯೂರಿ ಕಿಮುರಾ ತಂಡ, ಅದರಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಕೂಡ ಇದ್ದರು, ಆ ಇಲಿಗಳ ಹಲ್ಲಿಗೆ ಲೇಸರ್ ಹಿಡಿದು ಅದೇ ತಿರುವನ್ನು ಅವುಗಳ ಊಟದಲ್ಲಿ ಕಂಡಿತು. ಎಲ್ಲ ಇಲಿಗಳೂ ಒಂದೇ ಸಮ ಹುಲ್ಲಿಗೆ ತಿರುಗಲಿಲ್ಲ, ಬಂಧುಗಳು ಊಟ ಹಂಚಿಕೊಂಡವು. ಅಷ್ಟು ಹಳೆಯ ಕಾಲಕ್ಕೆ ನಕ್ಷೆ ಇಡುವ ವಿಧಾನ ಕೇಳುವುದೂ ಬೇಡ, ಒಂದು ಜಾತಿಯೂ ಇಂದಿಲ್ಲ. ಅಲ್ಲಿ ಐಸೋಟೋಪ್ ಬಿಟ್ಟು ಗತಿಯಿಲ್ಲ.

ಒಂದು ಎಚ್ಚರಿಕೆ: ಗೂಬೆಯ ಹೊಟ್ಟೆಯ ಆಮ್ಲ ಎನಾಮಲ್ ಕೊರೆದಿದ್ದರೆ ಆ ಹಲ್ಲನ್ನು ಐಸೋಟೋಪ್‌ಗೆ ಕಳಿಸಬೇಡಿ. ಮೊದಲು ಗೂಬೆಯ ಲೆಕ್ಕ ಎಂದದ್ದು ಇದಕ್ಕೂ ಸೇರಿ.

ದೇಹದ ಗಾತ್ರ

ತಂಪಿನಲ್ಲಿ ದೊಡ್ಡ ದೇಹ, ಬಿಸಿಯಲ್ಲಿ ಚಿಕ್ಕ ದೇಹ ಎಂಬ ಬರ್ಗ್‌ಮನ್ ನಿಯಮದ ಮೇಲೆ ನಿಂತದ್ದು ಇದು. ಇದರ ಅತಿ ಚೆಂದದ ಉದಾಹರಣೆಯಲ್ಲಿ ಹಲ್ಲೇ ಇಲ್ಲ. ಪಶ್ಚಿಮ ಅಮೆರಿಕದ ಪೊದೆಬಾಲದ ವುಡ್‌ರ‍್ಯಾಟ್ ಬಂಡೆಸಂದಿನಲ್ಲಿ ಕಸಕಡ್ಡಿ ಕೂಡಿಡುತ್ತದೆ, ಅದರ ಮೂತ್ರ ಗಟ್ಟಿಯಾಗಿ ರಾಶಿ ಸಾವಿರಾರು ವರ್ಷ ಉಳಿಯುತ್ತದೆ. ಫೆಲಿಸಾ ಸ್ಮಿತ್, ಹುಲಿಯೊ ಬೆಟನ್‌ಕೋರ್ಟ್, ಜೇಮ್ಸ್ ಬ್ರೌನ್ 1995ರಲ್ಲಿ ಆ ರಾಶಿಗಳ ಹಿಕ್ಕೆಗಳ ಅಗಲ ಅಳೆದು 25,000 ವರ್ಷಗಳ ಉದ್ದಕ್ಕೂ ಇಲಿಯ ಗಾತ್ರ ಹವೆಯ ಜೊತೆ ಏರಿಳಿದದ್ದನ್ನು ತೋರಿಸಿದರು. ಒಂದೇ ಜಾತಿಯ ಉದ್ದನೆಯ ಸರಣಿ ಸಿಕ್ಕರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ದ್ವೀಪಗಳಲ್ಲಿ ಬೇಡವೇ ಬೇಡ. ಮಾಲ್ಟಾದ ಅಳಿದ ದೈತ್ಯ ಡಾರ್ಮೌಸ್ (ಇಲಿಯಂಥ ಒಂದು ಜೀವಿ) ದೊಡ್ಡದಾದದ್ದು ಚಳಿಗಲ್ಲ, ದ್ವೀಪದಲ್ಲಿ ಸಿಲುಕಿದ್ದಕ್ಕೆ.

ದಖ್ಖನ್ನಿನ ಗುಹೆ ಕೈಗೆ ಬಂದರೆ

ಕರ್ನಾಟಕದ ಗಡಿಗೆ ಹತ್ತಿರದಲ್ಲಿ ಈ ಪ್ರಶ್ನೆ ಏಳುವ ಜಾಗವೊಂದಿದೆ: ಆಂಧ್ರದ ಬೇತಂಚೆರ್ಲ ಬಳಿಯ ಬಿಲ್ಲಾಸುರ್ಗಂ ಸುಣ್ಣಕಲ್ಲಿನ ಗುಹೆಗಳು. ಬಳ್ಳಾರಿ ಸೀಮೆಯ ಪ್ರಾಗೈತಿಹಾಸಿಕ ನೆಲೆಗಳಿಂದ ನಮಗೆ ಪರಿಚಿತರಾದ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ 1880ರ ದಶಕದಲ್ಲಿ ಇಲ್ಲಿ ಅಗೆದರು. ರಿಚರ್ಡ್ ಲಿಡೆಕ್ಕರ್ 1886ರಲ್ಲಿ ಪ್ರಾಣಿಗಳ ಪಟ್ಟಿ ಕೊಟ್ಟರು. ಅದರಲ್ಲಿ ಹೆಗ್ಗಣ, ಜರ್ಬಿಲ್ ಮೊದಲಾದ ಸಣ್ಣ ಸ್ತನಿಗಳೂ ಇದ್ದವು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಹೆಸರು ಹೊತ್ತ ಪೊದೆಯಿಲಿ ಗೊಲುಂಡ ಎಲಿಯೋಟಿ ಕೂಡ ಆ ಪಟ್ಟಿಯಲ್ಲಿತ್ತು.

ಇಂಥ ಪಟ್ಟಿಗೆ ಜೈವಿಕ ಮಾದರಿ ಹಾಕಿ ನೋಡಿ. ಭಾರತೀಯ ಜರ್ಬಿಲ್ ಪಶ್ಚಿಮ ಏಷ್ಯಾದಿಂದ ಶ್ರೀಲಂಕಾದವರೆಗೆ ಹರಡಿದೆ. ಅದರ ಒಂದು ಅಂಕ ಎಷ್ಟೋ ವಲಯಗಳಿಗೆ ಚೂರಾಗಿ ಯಾವುದಕ್ಕೂ ತೂಕ ಕೊಡುವುದಿಲ್ಲ. ಪಶ್ಚಿಮಘಟ್ಟದ ಮರದ ಪೊಟರೆಯಲ್ಲಿ ಬಾಳುವ ಮುಳ್ಳು ಡಾರ್ಮೌಸ್ ಆಗಿದ್ದರೆ ಒಂದೇ ಹಲ್ಲು ಸಾಕಿತ್ತು, ಆದರೆ ಅಂಥ ಕಟ್ಟುನಿಟ್ಟಿನ ಜೀವಿ ಒಣ ಸುಣ್ಣಕಲ್ಲಿನ ಸೀಮೆಗೆ ಬರುವುದಿಲ್ಲ. ನಕ್ಷೆ ವಿಧಾನಕ್ಕೆ ಬೇಕಾದ 10 ಕಿಲೋಮೀಟರ್ ಚೌಕದ ಇಲಿ ನಕ್ಷೆ ಇಲ್ಲಿಗೆ ನನ್ನ ಕೈಗೆ ಸಿಕ್ಕಿಲ್ಲ. ಮನೆ, ಕಣಜ, ಗದ್ದೆಗಳ ಜೊತೆ ಬೆಳೆದ ಇಲಿಗಳ ಹರವಿನಲ್ಲಿ ಹವಾಮಾನಕ್ಕಿಂತ ಒಕ್ಕಲುತನದ ಗುರುತೇ ಹೆಚ್ಚು. ಇದಕ್ಕಿಂತ ದೊಡ್ಡ ಅಡ್ಡಿಯೂ ಇದೆ. ಪ್ಯಾಟ್ರಿಕ್ ರಾಬರ್ಟ್ಸ್ ಮತ್ತು ಸಂಗಡಿಗರು 2014ರಲ್ಲಿ ಬಿಲ್ಲಾಸುರ್ಗಂನ ಪದರಗಳನ್ನು ಮತ್ತೆ ಪರೀಕ್ಷಿಸಿ, ಕಳೆದ 2 ಲಕ್ಷ ವರ್ಷಗಳ ಸ್ತನಿಗಳಲ್ಲಿ ಬಹುತೇಕ ಎಲ್ಲವೂ ಉಪಖಂಡದಲ್ಲಿ ಇಂದಿಗೂ ಬದುಕಿವೆ ಎಂದು ತೋರಿಸಿದರು. ಆ ಅವಧಿಯಲ್ಲಿ ಹಿಮಯುಗಗಳು ಬಂದುಹೋದವು, ಮುಂಗಾರು ಕುಗ್ಗಿ ಹಿಗ್ಗಿತು. ಪ್ರಾಣಿಗಳ ಪಟ್ಟಿ ಮಾತ್ರ ಹೆಚ್ಚು ಅಲುಗಲಿಲ್ಲ. ಪಟ್ಟಿಯೇ ಅಲುಗದಿದ್ದರೆ ಪಟ್ಟಿಯನ್ನು ನಂಬಿದ ವಿಧಾನಗಳು ‘ಏನೂ ಬದಲಾಗಲಿಲ್ಲ’ ಎಂದೇ ಹೇಳುತ್ತವೆ.

ಹಾಗಾಗಿ ಇಲ್ಲಿ ನನ್ನ ಆಯ್ಕೆಯ ಕ್ರಮ ಯೂರೋಪಿನದಕ್ಕೆ ತದ್ವಿರುದ್ಧ. ಮೊದಲು ಆವಾಸದ ಅಂಕ, ಏಕೆಂದರೆ ಜಾತಿಗಳು ಅವೇ ಇದ್ದರೂ ಅವುಗಳ ಅನುಪಾತ ಬದಲಾಗಬಲ್ಲದು. ಜರ್ಬಿಲ್ ಹೆಚ್ಚಿ ಪೊದೆಯಿಲಿ ಕಡಿಮೆಯಾದರೆ ಅದಕ್ಕೆ ಅರ್ಥವಿದೆ, ಬೇಟೆಗಾರ ಬದಲಾಗಿಲ್ಲ ಎಂದು ಖಾತ್ರಿಯಾದ ಮೇಲೆ. ಆಮೇಲೆ ಐಸೋಟೋಪ್: ಆಮ್ಲಜನಕದಿಂದ ಒಣತನ, ಇಂಗಾಲದಿಂದ ಹುಲ್ಲು-ಮರದ ಪಾಲು, ಪ್ರತಿ ಪದರದಿಂದ ಒಂದೇ ಜಾತಿಯ ಹಲವು ಹಲ್ಲುಗಳನ್ನು ಬಿಡಿಬಿಡಿಯಾಗಿ ಅಳೆದು. ಜೈವಿಕ ಮಾದರಿಯನ್ನು ಅಡ್ಡಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಣ ಕಡಿಮೆಯಿರುವ ವಿದ್ಯಾರ್ಥಿಗೆ ಇವೆಲ್ಲಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ಗುಹೆಯ ಸುತ್ತ ಇಂದಿನ ಕಣಜ ಗೂಬೆ ಎಲ್ಲಿ ಕೂರುತ್ತದೆ ಎಂದು ಹುಡುಕಿ, ಅದರಡಿಯ ಉಂಡೆಗಳನ್ನು ಮುಂಗಾರಿನಲ್ಲೂ ಬೇಸಿಗೆಯಲ್ಲೂ ಬೇರೆ ಬೇರೆಯಾಗಿ ಕೂಡಿಸಿ, ಬಿಡಿಸಿ ಎಣಿಸಿ. ಮಳೆ ಎಷ್ಟು ಬಿದ್ದಿತ್ತೆಂಬ ಲೆಕ್ಕ ಹತ್ತಿರದ ಮಳೆಮಾಪನ ಕೇಂದ್ರದಲ್ಲಿ ಸಿಗುತ್ತದೆ. ಇಂದಿನ ಊಟದ ಪಟ್ಟಿಗೆ ಮೇಲಿನ ಲೆಕ್ಕಗಳನ್ನು ಹಾಕಿ ಇಂದಿನ ಮಳೆಯೇ ಬರುತ್ತದೆಯೇ ನೋಡಿ. ಯಾವ ವಿಧಾನ ಎಷ್ಟು ದೂರ ತಪ್ಪುತ್ತದೆಯೋ, ಹಳೆಯ ಪದರದ ಉತ್ತರಕ್ಕೂ ಕನಿಷ್ಠ ಅಷ್ಟೇ ಅಂತರ ಇಟ್ಟುಕೊಳ್ಳಿ. ತೊಳೆಯದ ಮಣ್ಣಿನ ಒಂದು ಚೀಲವನ್ನು ಪ್ರತಿ ಪದರದಿಂದ ಹೆಸರು ಬರೆದು ಎತ್ತಿಡಿ, ಹೊಸ ಯಂತ್ರ ಬಂದಾಗ ಮತ್ತೆ ಅದೇ ಗುಹೆ ಅಗೆಯಲು ಅನುಮತಿ ಸಿಗುತ್ತದೆಂಬ ಭರವಸೆಯಿಲ್ಲ.